ಅರ್ಧ ಮಾತಿಗೇ ಸಾಯುವ ಫೋನು

ಅತ್ತೆಯವರು ಫೋನಿನಲ್ಲಿ ಕೇಳಿದ್ದು ಬಹಳ ಸಣ್ಣ ಪ್ರಶ್ನೆ.

"ಅಳಿಯಂದಿರೇ, ಒಂದು ವಾರ ನಿಮ್ಮನೆಗೆ ಬಂದು ಇದ್ದು ಹೋಗಲಾ? ಬೇಡ ಅಂದ್ರೆ ಬೇಡ ಅಂತ ಹೇಳಿಬಿಡಿ. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎನ್ನುವ ಅತ್ತೆಗೆ ಏನು ಹೇಳಬೇಕೆಂದು ಗೊತ್ತಿಲ್ಲದಷ್ಟು ದಡ್ಡನಲ್ಲ ಅಳತೆಯಪ್ಪ. "ಬೇಡ ಅನ್ನೋಕೆ ನಾನ್ಯಾರು ಅತ್ತೆ? ಇದು ನಿಮ್ಮದೇ ಮನೆ. ಖಂಡಿತ ಬನ್ನಿ!" ಎಂದು ಬಾಯ್ತುಂಬ ಹೇಳಿದ. ಹೇಳಿ, ಆ ಕಡೆಯಿಂದ ಬರಬೇಕಾದ ಸಂತೋಷದ ಮಾತಿಗಾಗಿ ಕಿವಿಗೊಟ್ಟು ನಿಂತ. ಏನೂ ಬರಲಿಲ್ಲ. ಫೋನನ್ನು ಕಿವಿಯಿಂದ ತೆಗೆದು ನೋಡಿದರೆ ಅದು ಕರಿ ಹಲಗೆಯಂತೆ ಕಪ್ಪಗಿತ್ತು.

ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದ ಫೋನು. ಬದಿಯ ಗುಂಡಿಯನ್ನು ಒತ್ತಿ ಹಿಡಿದ. ಫೋನು ಕಣ್ಣು ಬಿಟ್ಟು, ಅರ್ಧಕ್ಕಿಂತ ಹೆಚ್ಚು ಚಾರ್ಜಿದೆ ಎಂದು ತೋರಿಸಿತು. ತೋರಿಸಿದ್ದಕ್ಕೇ ಸುಸ್ತಾದಂತೆ ಮತ್ತೆ ಕಣ್ಣು ಮುಚ್ಚಿತು.

ಅಳತೆಯಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪರದೆ ಹೊಲಿಸಿ ಮಾರುವ ಅಂಗಡಿಯಲ್ಲಿ ಅವನಿಗೆ ಮನೆಮನೆಗೆ ಹೋಗಿ ಕಿಟಕಿ ಬಾಗಿಲುಗಳ ಅಳತೆ ತೆಗೆಯುವ ಕೆಲಸ. ಅದನ್ನೇ ಮಾಡಿ ಮಾಡಿ ಹೆಸರೂ ಅದೇ ಆಗಿಹೋಗಿತ್ತು. ಊರಲ್ಲಿ ಯಾರ ಮನೆಯ ಕಿಟಕಿ ಎಷ್ಟಗಲ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ತನ್ನ ಮಾತಿನ ಉದ್ದ ಎಷ್ಟಿರಬೇಕೆಂಬುದು ಮಾತ್ರ ಅವನಿಗೆ ಎಂದೂ ತಿಳಿದಿರಲಿಲ್ಲ. ಒಂದು ಹೇಳುವ ಕಡೆ ನಾಲ್ಕು ಹೇಳುವುದು ಅವನ ಹುಟ್ಟುಗುಣ.

ಅವನು ಚಾರ್ಜರಿನ ವಯರನ್ನು ಬಿಡಿಸುತ್ತಿರುವಾಗಲೇ ಅಡುಗೆಮನೆಯಿಂದ ಹೆಂಡತಿ ಬಂದಳು. ಕೈಯಲ್ಲಿ ಅವಳ ಫೋನು, ಮುಖದಲ್ಲಿ ಮೋಡ.

"ನಮ್ಮಮ್ಮನಿಗೆ ಬೇಡ ಅಂದ್ರಂತೆ?"

"ಏನು?"

"ಬರಲಾ ಅಂತ ಕೇಳಿದ್ರೆ 'ಬೇಡ' ಅಂದು ಪಟ್ ಅಂತ ಕಟ್ ಮಾಡಿದ್ರಂತೆ. ಅಲ್ಲಿ ಅಳ್ತಾ ಕೂತಿದ್ದಾಳೆ."

ಅಳತೆಯಪ್ಪನ ಕೈಯಿಂದ ವಯರು ಜಾರಿತು. "ಬೇಡ ಅನ್ನೋಕೆ ನಾನ್ಯಾರು ಅಂದೆ ಕಣೇ! ನಿಮ್ಮದೇ ಮನೆ ಅಂದೆ, ಬನ್ನಿ ಅಂದೆ, ಖಂಡಿತ ಅಂತ ಬೇರೆ ಅಂದೆ! ನಡುವೆ ಇದು ಸತ್ತೋಗಿದೆ!"

"ಸಾಯೋಕೆ ಅದಕ್ಕೆ ಅದೇ ಗಳಿಗೆ ಬೇಕಿತ್ತಾ?"

"ನಿನ್ನ ಫೋನ್ ಕೊಡು. ಈಗಲೇ ಹೇಳಿಬಿಡ್ತೀನಿ."

"ನನ್ನ ಫೋನಿಂದ ಮಾಡಿದ್ರೆ ನಾನೇ ಪಕ್ಕದಲ್ಲಿ ನಿಂತು ಹೇಳಿಸ್ದೆ ಅಂತಾಳೆ. ನಮ್ಮಮ್ಮನ್ನ ನೀವು ಕಂಡಿಲ್ವಾ? ನಿಮ್ಮ ಫೋನಿಂದ, ನೀವಾಗೇ ಮಾಡಿ ಹೇಳ್ಬೇಕು. ಮೊದಲು ಅದನ್ನ ಸರಿ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೂ ನನ್ನ ಹತ್ರ ಮಾತು ಬೇಡ."

ಈ ಸಲದ 'ಬೇಡ'ದ ಮುಂದೆ ಬೇರೇನೂ ಇರಲಿಲ್ಲ. ಅವಳು ಒಳಗೆ ಹೋದಳು.

ಮೆಟ್ಟಿಲಿಳಿಯುವಾಗ ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ಎದುರಾದರು. ಅಂಚೆಯಲ್ಲಿ ಜೀವಮಾನ ಕಳೆದವರಾದರೂ ಸುದ್ದಿಗಾಗಿ ಅಂಚೆಯನ್ನು ಕಾಯುವವರಲ್ಲ. "ಅತ್ತೆಗೆ ಬರಬೇಡಿ ಅಂದುಬಿಟ್ರಂತೆ? ಭಲೇ! ನನಗೆ ಮೊಮ್ಮಕ್ಕಳಾದರೂ ಆ ಧೈರ್ಯ ಬಂದಿಲ್ಲ ಕಣ್ರೀ" ಎಂದು ಅವನ ಕೈ ಕುಲುಕಿದರು.

"ಅಯ್ಯೋ ಸಾರ್, ಹಾಗಲ್ಲ. ಫೋನ್ ತಾನಾಗೇ ಆಫ್ ಆಗ್ತಿದೆ. ಚಾರ್ಜ್ ನಿಲ್ತಿಲ್ಲ."

"ಕೊಡಿ ಇಲ್ಲಿ." ಪೋಸ್ಟ್‌ಮಾಸ್ಟರರು ಕನ್ನಡಕವನ್ನು ಹಣೆಗೇರಿಸಿ, ಗುಂಡಿ ಒತ್ತಿ ಎಬ್ಬಿಸಿ, ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬೆಳಕು! ಇಷ್ಟು ಬೆಳಕು ಇಟ್ಟರೆ ಬ್ಯಾಟರಿ ಬದುಕುತ್ತಾ? ಮನೇಲಿ ಹಗಲು ಹೊತ್ತು ದೀಪ ಉರಿಸ್ತೀರಾ? ಇದೂ ಅಷ್ಟೇ." ಬೆರಳನ್ನು ಎಳೆದೂ ಎಳೆದೂ ಬೆಳಕನ್ನು ಎಷ್ಟು ಇಳಿಸಿದರೆಂದರೆ, ಅದರಲ್ಲಿ ಏನಾದರೂ ಕಾಣಬೇಕಾದರೆ ಇನ್ನು ಹೊದಿಕೆಯೊಳಗೆ ತಲೆ ತೂರಿಸಬೇಕಿತ್ತು. ಉಪಕಾರ ಮಾಡಿದ ತೃಪ್ತಿಯಿಂದ ಅವರು ಮೇಲೆ ಹತ್ತಿ ಹೋದರು.

ರಿಪೇರಿಗೆ ಹೋಗಲು ಹೊತ್ತಿರಲಿಲ್ಲ; ಅಳತೆಯಪ್ಪನಿಗೆ ಅಂದು ಹೊಸ ಹೋಟೆಲು ಕಟ್ಟಡದ ಅಳತೆಯಿತ್ತು. ಅಂಗಡಿಗೆ ಅಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿರಲಿಲ್ಲ. ಮಹಡಿಯ ಮೇಲೆ ಮಹಡಿ, ಮಹಡಿಯ ತುಂಬ ಕಿಟಕಿ. ಗಾರೆಯ ವಾಸನೆ ಇನ್ನೂ ಆರದ ಕೋಣೆಯಲ್ಲಿ ಸ್ಟೂಲು ಹತ್ತಿ, ಅಳತೆಪಟ್ಟಿಯ ಒಂದು ತುದಿಯನ್ನು ಕಿಟಕಿಯ ಮೂಲೆಗೆ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಾಗ ಫೋನು ಬಡಿದುಕೊಂಡಿತು. ತೆಗೆದು ನೋಡಿದ. ಕಿಟಕಿಯ ಬಿಸಿಲಿಗೆ ಅದರಲ್ಲಿ ಅವನ ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಯಾರ್ರೀ ಅದು?" ಎಂದು ಪಟ್ಟಿ ಕಚ್ಚಿದ ಹಲ್ಲಿನ ಸಂದಿಯಿಂದಲೇ ಕೂಗಿದ.

"ಯಾರಾ?" ಎಂದಿತು ಆ ಕಡೆಯ ದನಿ. "ನಿನಗೆ ಸಂಬಳ ಕೊಡೋನು ಕಣಯ್ಯ!"

ಅಂಗಡಿಯ ಯಜಮಾನರು! ಅಳತೆಯಪ್ಪ ಸ್ಟೂಲಿನ ಮೇಲೆಯೇ ನೆಟ್ಟಗೆ ನಿಂತ. ಅಳತೆಪಟ್ಟಿ ಸರ್ರನೆ ಸುರುಳಿ ಸುತ್ತಿ ಮೂಗಿಗೆ ಬಡಿಯಿತು.

"ಒಂದು ಮಾತು ಕೇಳ್ತೀನಿ, ಸುತ್ತಿಬಳಸದೆ ಹೇಳು. ಎದುರಂಗಡಿಯವನು ನಿನ್ನನ್ನ ಕೆಲಸಕ್ಕೆ ಕರೆದಿದ್ದಾನಂತೆ. ನಿಜವಾ?"

ಎದುರಂಗಡಿಯವನು ಕರೆದದ್ದು ನಿಜ. ಟೀ ಕುಡಿಯುತ್ತ, ನಗುತ್ತ, "ನಮ್ಮಲ್ಲಿಗೆ ಬಂದುಬಿಡಿ ಮಾರಾಯ್ರೇ" ಎಂದಿದ್ದ. ಅಳತೆಯಪ್ಪನೂ ನಕ್ಕಿದ್ದ. ಅಲ್ಲಿಗೆ ಮುಗಿದಿತ್ತು.

"ಕರೆದಿದ್ದು ನಿಜ ಸಾರ್. ನಾನು ಹೋಗ್ತೀನಿ ಅಂತ ಹೇಗೆ ಅಂದ್ಕೊಂಡ್ರಿ ಸಾರ್? ನಿಮ್ಮ ಅನ್ನ ತಿಂದವನು ನಾನು. ಸ್ವರ್ಗದಲ್ಲಿ ಕಿಟಕಿ ಅಳೆಯೋಕೆ ಕರೆದ್ರೂ ನಿಮ್ಮನ್ನ ಬಿಟ್ಟು ಹೋಗೋನಲ್ಲ ಸಾರ್!"

ಮಾತು ಮುಗಿಸುವಷ್ಟರಲ್ಲಿ ಅವನ ಕಣ್ಣೇ ಒದ್ದೆಯಾಗಿತ್ತು. ಆ ಕಡೆ ನಿಶ್ಶಬ್ದ. ಯಜಮಾನರ ಕಣ್ಣೂ ಒದ್ದೆಯಾಗಿರಬೇಕು ಎಂದುಕೊಂಡ. ಹಾಗೆಂದುಕೊಂಡವನಿಗೆ ಬೆಳಗಿನ ಅತ್ತೆಯ ನಿಶ್ಶಬ್ದ ನೆನಪಾಯಿತು. ಫೋನನ್ನು ಕಣ್ಣ ಮುಂದೆ ತಂದ. ಗುಂಡಿ ಒತ್ತಿದ. ಅಲುಗಾಡಿಸಿದ. ಸತ್ತಿತ್ತು.

ಎಲ್ಲಿ ಸತ್ತಿತು? 'ಅನ್ನ ತಿಂದವನು' ಎಂಬಲ್ಲಿ ಸತ್ತಿದ್ದರೆ ಒಳ್ಳೆಯದೇ. 'ಸ್ವರ್ಗ'ದಲ್ಲಿ ಸತ್ತಿದ್ದರೂ ಅಡ್ಡಿಯಿಲ್ಲ. ಆದರೆ ಅದಕ್ಕೂ ಮೊದಲೇ... ನಮ್ಮ ಮಾತಿನ ಹಣೆಬರಹವೇ ಅದು. ಹೌದೋ ಅಲ್ಲವೋ ಎಂಬುದೆಲ್ಲ ಬಾಲದಲ್ಲಿರುತ್ತದೆ. ಬಾಲ ಕತ್ತರಿಸಿದರೆ ಹಸು ಯಾವುದು, ಹುಲಿ ಯಾವುದು ಎಂದು ಗೊತ್ತಾಗುವುದಿಲ್ಲ.

ಅವನು ಬೆವರುತ್ತ ಕೆಳಗಿಳಿದು ಬಂದಾಗ ಗಾರೆ ಮೇಸ್ತ್ರಿ ಫೋನನ್ನು ಮುಟ್ಟಿ ನೋಡಿ ಕೈ ಹಿಂತೆಗೆದ. "ಏನ್ ಸ್ವಾಮಿ, ಕಾದ ಕಾವಲಿ ಆಗಿದೆಯಲ್ಲ! ಹೊಸ ಗೋಡೆಯೂ ಅಷ್ಟೇ, ಫೋನೂ ಅಷ್ಟೇ. ಕಾವು ಇಳಿಸದಿದ್ರೆ ಬಿರುಕು ಬಿಡುತ್ತೆ." ಬೇಡವೆನ್ನುವ ಮೊದಲೇ ಅದನ್ನು ಕಂಬಕ್ಕೆ ಸುತ್ತಿದ್ದ ಒದ್ದೆ ಗೋಣಿಯೊಳಗೆ ತೂರಿಸಿದ. ಸ್ವಲ್ಪ ಹೊತ್ತಿನ ಮೇಲೆ ತೆಗೆದಾಗ ಫೋನು ತಣ್ಣಗಾಗಿತ್ತು, ಸಿಮೆಂಟು ಮೆತ್ತಿಕೊಂಡಿತ್ತು, ಮೊದಲಿನಷ್ಟೇ ಸತ್ತಿತ್ತು.

ಅಂಗಡಿಗೆ ಬಂದ ಅಳತೆಯಪ್ಪನಿಗೆ ಹೊಸಿಲಲ್ಲೇ ಮೊದಲ ಆಘಾತ ಕಾದಿತ್ತು. ಮಾರಾಟದ ಮೇಜಿನ ಹಿಂದಿದ್ದ ಗೊತ್ತಪ್ಪ ಎದ್ದು ನಿಂತ. ಏನು ಹೇಳಿದರೂ "ಅದು ನನಗೆ ಗೊತ್ತಪ್ಪ" ಎನ್ನುವ ಈ ಮಾರಾಟಗಾರ ಗಿರಾಕಿ ಬಂದರೂ ಎದ್ದವನಲ್ಲ. ಎದ್ದದ್ದಲ್ಲದೆ ಯಜಮಾನರ ಮೆತ್ತನೆಯ ಕುರ್ಚಿಯನ್ನು ತಾನೇ ಎಳೆದು ತಂದು ಫ್ಯಾನಿನ ಕೆಳಗೆ ಹಾಕಿದ.

"ಕೂತ್ಕೊಳ್ಳಿ. ಟೀ ಹೇಳಿದ್ದೀನಿ."

"ಯಾಕ್ರೀ? ಏನಾಯ್ತು?"

"ನಮ್ಮನ್ನೇ ಕೇಳ್ತೀರಲ್ಲ! ಯಜಮಾನರು ಫೋನ್ ಮಾಡಿದ್ರೆ 'ಯಾರ್ರೀ ಅದು' ಅಂತ ಗದರಿಸಿ, 'ಕರೆದಿದ್ದು ನಿಜ, ನಾನು ಹೋಗ್ತೀನಿ' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಟ್ ಮಾಡಿದ್ರಂತಲ್ಲ! ಅಬ್ಬಬ್ಬಾ! ನಿಮ್ಮನ್ನ ಇಷ್ಟು ದಿನ ಹಸು ಅಂದ್ಕೊಂಡಿದ್ವಿ."

ಅಳತೆಯಪ್ಪ ಕೂತ.

"ಆಮೇಲೆ?"

"ಆಮೇಲೆ ಯಜಮಾನರು ನೀರು ಕುಡಿದ್ರು. ಇನ್ನೊಂದು ಲೋಟ ಕುಡಿದ್ರು. ಕಾರ್ ಹತ್ತಿ ಹೋದ್ರು. ಹೋಗ್ತಾ ನನ್ನ ಕರೆದು, 'ಅವರು ಬಂದ್ರೆ ಮತ್ತೆ ಬಿಸಿಲಿಗೆ ಕಳಿಸ್ಬೇಡ. ಕೂರಿಸು, ಟೀ ಕೊಡು' ಅಂದ್ರು. 'ಅವನು' ಅನ್ನಲಿಲ್ಲ ಕಣ್ರೀ, 'ಅವರು' ಅಂದ್ರು!"

ಹೊಲಿಗೆ ಯಂತ್ರದ ಹಿಂದಿನಿಂದ ಟೈಲರಮ್ಮ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಲ್ಲಿದ್ರೂ ಚೆನ್ನಾಗಿರಿ ಅಣ್ಣ" ಎಂದಳು.

ಯಜಮಾನರು ಮೂರು ತರದ ಜನರನ್ನು ಮಾತ್ರ 'ಅವರು' ಎನ್ನುತ್ತಿದ್ದರು: ತಮಗಿಂತ ದೊಡ್ಡವರು, ಸತ್ತವರು, ಮತ್ತು ಕೆಲಸದಿಂದ ತೆಗೆಯಬೇಕೆಂದು ತೀರ್ಮಾನಿಸಿದವರು. ಅವನು ಯಜಮಾನರಿಗಿಂತ ದೊಡ್ಡವನಲ್ಲ. ಸತ್ತೂ ಇರಲಿಲ್ಲ. ಕಟುಕ ಕುರಿಗೆ ಕೊನೆಯ ದಿನ ಸೊಪ್ಪು ತಿನ್ನಿಸುವಂತೆ ಟೀ ಬಂತು. ಅದನ್ನು ಹಾಗೇ ಪಕ್ಕಕ್ಕಿಟ್ಟ.

"ಅಯ್ಯೋ, ನಾನು ಹಾಗೆ ಹೇಳೇ ಇಲ್ಲ! ಅಂದ್ರೆ ಹೇಳಿದೆ, ಆದ್ರೆ ಮುಂದೆ ಇನ್ನೂ ಇತ್ತು! ನಿಮ್ಮ ಫೋನಿಂದ ಯಜಮಾನರಿಗೆ ಹಚ್ಚಿ ಕೊಡ್ರೀ!"

ಗೊತ್ತಪ್ಪ ಹಚ್ಚಿದ. "ಸಾರ್, ಅವರು ನಿಮ್ಮ ಹತ್ರ ಮಾತಾಡ್ಬೇಕಂತೆ..." ಎಂದವನು ಆ ಕಡೆಯ ಮಾತಿಗೆ ಹೂಂಗುಟ್ಟಿ, ಕಣ್ಣರಳಿಸಿ, ಫೋನು ಇಟ್ಟ. "ಫೋನಲ್ಲಿ ಬೇಡವಂತೆ. ಸಂಜೆ ಬಂದು ಎದುರಿಗೇ ಕೂತು ಮಾತಾಡ್ತಾರಂತೆ. ಅಲ್ಲೀವರೆಗೂ ನೀವು ಎಲ್ಲಿಗೂ ಹೋಗದ ಹಾಗೆ ನೋಡ್ಕೋಬೇಕಂತೆ."

"ಪೊಲೀಸರನ್ನ ಕರ್ಕೊಂಡು ಬರ್ತಾರಾ?" ಎಂದಳು ಟೈಲರಮ್ಮ.

ಸಂಜೆಯವರೆಗೆ ಕಾಯುವುದೆಂದರೆ ಕೊರಳಿಗೆ ಹಗ್ಗ ಹಾಕಿಸಿಕೊಂಡು ಗಡಿಯಾರ ನೋಡುತ್ತ ಕೂತಂತೆ. ಅವರು ತೀರ್ಮಾನ ಮಾಡಿ ಬರುವ ಮುಂಚೆಯೇ ವಿಷಯ ತಿಳಿಸಬೇಕು. ಬೇರೆಯವರ ಫೋನಿಂದ ಮಾಡಿದರೆ ಯಜಮಾನರು ಕೇಳುವುದಿಲ್ಲ. ತನ್ನ ಫೋನೇ ಬದುಕಬೇಕು.

"ಕೊಡಿ ಇತ್ತ, ಇದರ ರೋಗ ನನಗೆ ಗೊತ್ತಪ್ಪ" ಎಂದು ಗೊತ್ತಪ್ಪ ಫೋನು ಕಸಿದುಕೊಂಡು ಚಾರ್ಜಿಗೆ ಸಿಕ್ಕಿಸಿದ. ವಯರು ಸಿಕ್ಕಿಸಿದ್ದರಿಂದಲೋ ಏನೋ ಅದು ಎಚ್ಚೆತ್ತಿತು. "ನೋಡಿ, ನಿಮಗೆ ಕಾಣದ ಹಾಗೆ ಹಿಂದೆ ಹಿಂದೆ ಆ್ಯಪ್‌ಗಳು ಓಡ್ತಾ ಇರ್ತವೆ. ಅವು ಕುಡೀತವೆ ಚಾರ್ಜನ್ನ. ಒಂದೊಂದೇ ತೆಗೆದ್ರೆ ಸಾಲದು. ಬುಡಸಮೇತ ಕಿತ್ತರೆ ಫೋನ್ ಹೊಸದಾಗುತ್ತೆ." ಪಟಪಟನೆ ಒತ್ತಿದ. ಫೋನು ಏನೋ ಕೇಳಿತು; ಹೂಂ ಎಂದು ಒತ್ತಿದ. ಖಂಡಿತವೇ ಎಂದು ಇನ್ನೊಮ್ಮೆ ಕೇಳಿತು. ಖಂಡಿತ ಎಂದು ಒತ್ತಿದ.

ಫೋನು ಆರಿ, ಬಹಳ ಹೊತ್ತು ಧ್ಯಾನ ಮಾಡಿ, ಎದ್ದಿತು. ಆಗ ತಾನೇ ಹುಟ್ಟಿದ ಮಗುವಿನ ಹಾಗೆ ಅಳತೆಯಪ್ಪನನ್ನು ನೋಡಿ 'ಸ್ವಾಗತ! ನಿಮ್ಮ ಭಾಷೆ ಯಾವುದು?' ಎಂದಿತು.

"ನನ್ನ ನಂಬರುಗಳೆಲ್ಲ ಎಲ್ಲಿ?"

"ಹೋದ್ವು."

"ಫೋಟೋ? ಅಳತೆಗಳು? ಬೆಳಗ್ಗೆಯಿಂದ ತೆಗೆದ ಹೋಟೆಲಿನ ಅಳತೆ ಎಲ್ಲ ಕತ್ತಲೆ ಮೂಲೆ ಹುಡುಕಿ ಹುಡುಕಿ ಅದರಲ್ಲೇ ಹೊಡೆದಿಟ್ಟಿದ್ದೆನಲ್ರೀ!"

"ಎಲ್ಲ ಹೋದ್ವು" ಎಂದ ಗೊತ್ತಪ್ಪ, ದೊಡ್ಡ ಗುಡ್ಡೆ ಕಸ ಗುಡಿಸಿದವನ ಹೆಮ್ಮೆಯಿಂದ. "ಈಗ ನೋಡಿ, ಎಷ್ಟು ಹಗುರ!" ವಯರನ್ನು ಕಿತ್ತ. ಹಗುರವಾದ ಫೋನು ಅಷ್ಟೇ ಹಗುರವಾಗಿ ಪ್ರಾಣ ಬಿಟ್ಟಿತು.

ಅಳತೆಯಪ್ಪ ಅಲ್ಲಿ ನಿಲ್ಲಲಿಲ್ಲ. "ಹೋಗಬಾರದಂತೆ! ಎಲ್ಲಿಗ್ರೀ?" ಎಂದು ಗೊತ್ತಪ್ಪ ಬಾಗಿಲ ತನಕ ಬೆನ್ನಟ್ಟಿದರೂ ತಪ್ಪಿಸಿಕೊಂಡು ಬೀದಿಗೆ ಬಿದ್ದು, ಮೂಲೆಯ ಫೋನು ರಿಪೇರಿ ಅಂಗಡಿಗೆ ಓಡಿದ.

ರಿಪೇರಿಯವನು ಮಾತು ಕಡಿಮೆಯ ಮನುಷ್ಯ. ಸಣ್ಣ ಪಟ್ಟಿಯೊಂದನ್ನು ಸಂದಿಗೆ ತೂರಿಸಿ ಫೋನಿನ ಬೆನ್ನನ್ನು ಎಬ್ಬಿಸಿದ. ಎಬ್ಬಿಸಿದವನೇ ಒಂದು ಹೆಜ್ಜೆ ಹಿಂದೆ ಸರಿದ. ಒಳಗೆ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು, ಉಂಡ ಹೆಬ್ಬಾವಿನಂತೆ ಮಲಗಿತ್ತು.

"ಇದನ್ನ ಎಲ್ಲಿಟ್ಕೊಂಡು ಓಡಾಡ್ತಿದ್ರಿ?"

"ಇಲ್ಲೇ, ಜೇಬಲ್ಲಿ" ಎಂದು ಅಳತೆಯಪ್ಪ ಎದೆ ಮುಟ್ಟಿ ತೋರಿಸಿದ.

"ರಾತ್ರಿ?"

"ದಿಂಬಿನ ಪಕ್ಕ, ಚಾರ್ಜಿಗೆ ಹಾಕಿ."

"ಅಂತೂ ಬದುಕಿದ್ದೀರಿ" ಎಂದು ರಿಪೇರಿಯವನು ಹಳೆಯದನ್ನು ಮೆಲ್ಲಗೆ ಬಿಡಿಸಿ, ಬೆಂಕಿ ಹತ್ತದಂತೆ ಮರಳಿನ ಡಬ್ಬಿಗೆ ಹಾಕಿ ಹೊಸ ಬ್ಯಾಟರಿ ಕೂರಿಸಿದ. ಅಳತೆಯಪ್ಪ ಎಡಗೈಯನ್ನು ಎದೆಯ ಮೇಲೆಯೇ ಇಟ್ಟುಕೊಂಡು, ಅಲ್ಲಿ ಇನ್ನೂ ಬಡಿತವಿದೆಯೇ ಎಂದು ನೋಡಿಕೊಳ್ಳುತ್ತಿದ್ದ.

ಬೆಳಕನ್ನೂ ಮೇಲೆತ್ತಿ, ನಳನಳಿಸುವ ಫೋನನ್ನು ರಿಪೇರಿಯವನು ಕೈಗಿಟ್ಟನೋ ಇಲ್ಲವೋ, ಅದು ಹೊಡೆದುಕೊಂಡಿತು. ಹೆಸರೇ ಇಲ್ಲದ ಯಾವುದೋ ನಂಬರು.

"ಯಾರ್ರೀ ಅದು?"

"ಬೆಳಗ್ಗೆ ನಮ್ಮಮ್ಮ ಬೇಡವಾದ್ಳು, ಈಗ ನಾನೂ ಯಾರು ಅಂತಾಯ್ತಾ?" ಎಂದಳು ಹೆಂಡತಿ.

ಅವಳನ್ನು ಸಮಾಧಾನ ಮಾಡಿ, ಅತ್ತೆಯ ನಂಬರು ಇಸಿದುಕೊಳ್ಳುವಷ್ಟರಲ್ಲಿ ಗಂಟಲು ಒಣಗಿತು. ಆದರೆ ಫೋನು ಗಟ್ಟಿಯಾಗಿ ನಿಂತಿತ್ತು. ಆ ಧೈರ್ಯದಿಂದ ಅತ್ತೆಗೆ ಮಾಡಿ, ಬೆಳಗಿನ ಮಾತನ್ನು ತಲೆಯಿಂದ ಬಾಲದವರೆಗೆ ಹೇಳಿದ. ಸಾಲದೆಂದು ಬಾಲಕ್ಕೆ ಇನ್ನೊಂದಿಷ್ಟು ಸೇರಿಸಿ, "ವಾರ ಯಾಕತ್ತೆ, ಇಷ್ಟ ಬಂದಷ್ಟು ದಿನ ಇರಿ" ಎಂದೂ ಎಂದ.

ಅತ್ತೆ ಮೂಗು ಸೀಟಿಕೊಂಡರು. "ನೀವು ಇಷ್ಟು ಬಾಯ್ತುಂಬ ಕರೆದ ಮೇಲೆ ವಾರಕ್ಕೆ ಬಂದ್ರೆ ನಿಮಗೆ ಬೇಜಾರಾಗಲ್ವಾ? ಬೇಸಿಗೆ ಪೂರ್ತಿ ಇದ್ದೇ ಹೋಗ್ತೀನಿ. ನನ್ನ ತಂಗಿ ಪಾಪ ಒಬ್ಬಳೇ ಇದ್ದಾಳೆ, ಅವಳನ್ನೂ ಕರ್ಕೊಂಡು ಬರ್ತೀನಿ."

ಒಂದೇ ಮಲಗುವ ಕೋಣೆಯ ಮನೆ ಅಳತೆಯಪ್ಪನ ಕಣ್ಣ ಮುಂದೆ ಬಂದು ನಿಂತಿತು. ಫೋನಿನ ಕಡೆ ನೋಡಿದ. ಸಾಯುವ ಲಕ್ಷಣವೇ ಇರಲಿಲ್ಲ. ಇರಲಿ, ಕೆಲಸ ಉಳಿದರೆ ಸಾಕು ಎಂದುಕೊಂಡು, ಅಳತೆಪಟ್ಟಿಯ ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದ ಯಜಮಾನರ ನಂಬರು ನೋಡಿ ಒತ್ತಿದ.

"ಹಲೋ, ನೀವಾ?" ಯಜಮಾನರ ದನಿ ಬೆಣ್ಣೆಯಂತಿತ್ತು. "ನಾನೇ ಬರೋನಿದ್ದೆ. ನೋಡಿ, ನಿಮ್ಮ ಹತ್ರ ಒಂದು ವಿಷಯ..."

'ನೀವು' ಎಂದದ್ದು ಕೇಳಿ ಅಳತೆಯಪ್ಪನ ಉಳಿದ ಧೈರ್ಯವೂ ಸೋರಿಹೋಯಿತು. "ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ನಾನು ಹೇಳೋದು ಕೇಳಿ!"

"ಅಲ್ಲ, ನಾನು ಹೇಳೋದನ್ನ ಒಂಚೂರು..."

"ನಡುವೆ ಬಾಯಿ ಹಾಕ್ಬೇಡಿ ಸಾರ್, ಈ ಫೋನ್ ನಂಬೋ ಹಾಗಿಲ್ಲ! ಬೆಳಗ್ಗೆ ನಾನು ಹೇಳಿದ್ದು 'ಹೋಗ್ತೀನಿ ಅಂತ ಹೇಗೆ ಅಂದ್ಕೊಂಡ್ರಿ' ಅಂತ. 'ಹೋಗ್ತೀನಿ' ಅನ್ನೋಷ್ಟರಲ್ಲಿ ಫೋನ್ ಸತ್ತೋಯ್ತು. ನಾನು ಎಲ್ಲಿಗೂ ಹೋಗಲ್ಲ ಸಾರ್. ಎದುರಂಗಡಿಯವನು ಎಷ್ಟು ಕೊಟ್ರೂ ಹೋಗಲ್ಲ. ನೀವು ಸಂಬಳ ಹೆಚ್ಚಿಸದೇ ಇದ್ರೂ ಹೋಗಲ್ಲ. ಕತ್ತು ಹಿಡಿದು ದಬ್ಬಿದ್ರೂ ಮೆಟ್ಟಿಲ ಮೇಲೆ ಕೂತಿರ್ತೀನಿ. ನನಗೆ ಏನೂ ಬೇಡ ಸಾರ್, ಈ ಅಳತೆಪಟ್ಟಿ ಒಂದಿದ್ರೆ ಸಾಕು!"

ಉಸಿರು ಬಿಟ್ಟ. ಒಂದಕ್ಷರವೂ ತುಂಡಾಗಿರಲಿಲ್ಲ.

"ಅಷ್ಟೇನಾ?" ಎಂದರು ಯಜಮಾನರು.

"ಅಷ್ಟೇ ಸಾರ್."

"ಖಂಡಿತ ಹೋಗಲ್ಲ?"

"ಖಂಡಿತ ಹೋಗಲ್ಲ ಸಾರ್."

ಆ ಕಡೆಯಿಂದ ಬಂದ ನಿಟ್ಟುಸಿರು ಈ ಕಡೆಯ ಕಿವಿಗೂ ಬೆಚ್ಚಗೆ ತಾಗಿತು. "ನೋಡು..." ಎಂದರು ಯಜಮಾನರು. 'ನೋಡಿ' ಹೋಗಿ 'ನೋಡು' ಬಂದಿತ್ತು. "ಬೆಳಗ್ಗೆಯಿಂದ ನನ್ನ ಜೀವ ಬಾಯಿಗೆ ಬಂದಿತ್ತು ಕಣಯ್ಯ. ಹೋಟೆಲ್ ಕೆಲಸ ನಡುನೀರಲ್ಲಿ ಬಿಟ್ಟು ನೀನು ಹೋದ್ರೆ ಗತಿ ಏನು? ಹೇಗಾದ್ರೂ ನಿಲ್ಲಿಸ್ಕೋಬೇಕು ಅಂತ, ಹೊಸದಾಗಿ ತೆಗೀತಿರೋ ಅಂಗಡಿಗೆ ನಿನ್ನನ್ನೇ ಮ್ಯಾನೇಜರ್ ಮಾಡೋಣ ಅಂತ ಬೋರ್ಡ್ ಬರೆಯೋನ ಹತ್ರ ಕೂತಿದ್ದೀನಿ. ಅಂಗಡಿ ಮೇಲೆ ನಿನಗೆ ದೊಡ್ಡ ಮನೆ ಬೇರೆ ಕೊಡೋಣ ಅಂತಿದ್ದೆ. ಒಳ್ಳೆ ಹೊತ್ತಿಗೆ ಹೇಳಿದೆ. ನಿನ್ನ ಹೆಸರಿನ ಮುಂದೆ 'ಮ್ಯಾ' ಅಷ್ಟೇ ಬರೆದಾಗಿದೆ." ದನಿ ಪಕ್ಕಕ್ಕೆ ತಿರುಗಿತು. "ಏಯ್, ನಿಲ್ಸಪ್ಪ! ಒರೆಸು ಅದನ್ನ. ಹಸಿ ಇರೋವಾಗಲೇ ಒರೆಸಿಬಿಡು."

ಅಳತೆಯಪ್ಪ ಗರ ಬಡಿದವನಂತೆ ನಿಂತ. ಬೀದಿ, ವಾಹನ, ರಿಪೇರಿ ಅಂಗಡಿ ಎಲ್ಲ ಒಮ್ಮೆ ಗಿರ್ರನೆ ತಿರುಗಿ ಸ್ವಸ್ಥಾನಕ್ಕೆ ಬಂದವು. ಕೈಗೆ ಬಂದ ತುತ್ತನ್ನು ತಾನೇ ಕೈಯಾರೆ ತಳ್ಳಿದ್ದು ಅರಿವಾದಾಗ, ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಯಜಮಾನರ ಮೇಲೆ ಸಿಟ್ಟು ಬಂತು.

"ಸಾರ್!" ಎಂದು ಅಬ್ಬರಿಸಿದ. "ಹಾಗಾದ್ರೆ ಕೇಳಿ. ನಾನು ಹೋಗ್ತೀನಿ!"

"ಹೂಂ."

"ಹೋಗ್ತೀನಿ ಅಂದೆ!"

"ಕೇಳಿಸ್ತಿದೆ. ಹೇಳು, ಹೇಳು." ಯಜಮಾನರು ತಾಳ್ಮೆಯಿಂದ ಕಾದರು. "'ಅಂತ ಹೇಗೆ ಅಂದ್ಕೊಂಡ್ರಿ' ಅನ್ನೋದು ಇನ್ನೂ ಬಂದಿಲ್ಲ. ಪೂರ್ತಿ ಮಾಡು. ಬೆಳಗ್ಗೆ ಅವಸರಪಟ್ಟು ಮೋಸ ಹೋದೆ, ಈ ಸಲ ಬಾಲದವರೆಗೂ ಕೇಳೇ ಫೋನ್ ಇಡ್ತೀನಿ."

ಅಳತೆಯಪ್ಪ ಬಾಯಿ ತೆರೆದ. ನಾಲ್ಕು ಮಾತಿನ ಮನುಷ್ಯನಿಗೆ ಒಂದೂ ಸಿಗಲಿಲ್ಲ.

"ಹಲೋ? ಹಲೋ? ಏನಯ್ಯ, ಮತ್ತೆ ಸತ್ತೋಯ್ತಾ ನಿನ್ನ ಫೋನು?"

"ಇಲ್ಲ ಸಾರ್" ಎಂದ ಅಳತೆಯಪ್ಪ. "ಫೋನ್ ಚೆನ್ನಾಗಿದೆ."

"ಒಳ್ಳೇದಾಯ್ತು. ನಾಳೆ ಬೇಗ ಬಾ. ಹೊಸ ಅಂಗಡಿ ಕಿಟಕಿ ಅಳತೆ ತೆಗೀಬೇಕು. ಮೇಲಿನ ಮನೆದೂ ಸೇರಿಸಿ. ಗೊತ್ತಪ್ಪ ಅಲ್ಲಿಗೆ ಮ್ಯಾನೇಜರ್ ಆಗಿ ಹೋಗ್ತಾನಂತೆ; ನಿನಗಿಂತ ಸ್ವಲ್ಪ ಮುಂಚೆ ಫೋನ್ ಮಾಡಿದಾಗ ತಾನೇ ಕೇಳ್ಕೊಂಡ. ನೀನು ತಪ್ಪಿಸ್ಕೊಂಡು ಓಡಿಹೋದೆ ಅಂತ ಹೇಳೋಕೆ ಮಾಡಿದ್ದ."